ಒಳಗೆ ಬಿಟ್ಟ ಒಂದಿಂಚು

ಕಳೆದ ರಾಜ್ಯೋತ್ಸವದಂದು ಸೀರೆ ಉಡುಗೆ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕೂರಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. "ನೀವು ಟೈಲರ್ ಅಲ್ವಾ, ನಿಮಗಲ್ಲದೆ ಇನ್ಯಾರಿಗೆ ಗೊತ್ತಾಗ್ತದೆ" ಎಂದು ಹೇಳಿ, ಕೈಗೆ ಹೂಗುಚ್ಛ ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸಿದರು. ಇಳಕಲ್ ಉಟ್ಟವರಿದ್ದರು, ಮೈಸೂರು ರೇಷ್ಮೆ ಉಟ್ಟವರಿದ್ದರು, ನೆರಿಗೆಯನ್ನು ಹಿಂದಕ್ಕೆ ಹಾಕಿ ಕೊಡಗಿನ ರೀತಿ ಉಟ್ಟ ಒಬ್ಬರಿದ್ದರು. ನಿಜ ಹೇಳುತ್ತೇನೆ, ನಾನು ಸೀರೆಗಳನ್ನು ಸರಿಯಾಗಿ ನೋಡಲೇ ಇಲ್ಲ. ನನ್ನ ಕಣ್ಣು ಹೋದದ್ದು ರವಿಕೆಗಳ ಮೇಲೆ. ಯಾರ ತೋಳು ಕಂಕುಳಲ್ಲಿ ಎಳೆಯುತ್ತಿದೆ, ಯಾರ ಭುಜ ಜಾರುತ್ತಿದೆ, ಯಾರದ್ದು ಊರಿನ ಹೊಲಿಗೆ, ಯಾರದ್ದು ಇಲ್ಲಿಯದು, ಇದೇ ಲೆಕ್ಕ. ಕೊನೆಗೆ ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕು ನನ್ನ ಬಾಯಿಗೆ ಹಿಡಿದು, "ಅಂಕಲ್, ನಿಮ್ಮ ಪ್ರಕಾರ ಫ್ಯಾಷನ್ ಅಂದ್ರೆ ಏನು?" ಎಂದು ಕೇಳಿಬಿಟ್ಟಳು. "ಎಲ್ಲರೂ ಚೆನ್ನಾಗಿ ಉಟ್ಟಿದ್ದೀರಿ" ಎಂದು ಹೇಳಿ ಮೈಕು ವಾಪಸು ಕೊಟ್ಟೆ. ಜನ ಚಪ್ಪಾಳೆ ತಟ್ಟಿದರು. ಅವತ್ತು ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಕುಂದಾಪುರ ಕಡೆಯವನು. 1993ರಲ್ಲಿ ಬಂದೆ. ಆಗ ಮಂಗಳೂರಿನಿಂದ ಗಲ್ಫಿಗೆ ನೇರ ವಿಮಾನ ಇರಲಿಲ್ಲ, ಕೊಂಕಣ ರೈಲೂ ಇರಲಿಲ್ಲ. ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿ ಒಂದು ವಾರ ಸಂಬಂಧಿಕರ ಖೋಲಿಯಲ್ಲಿ ಮಲಗಿ, ವೀಸಾ ಕಾಗದ ಕೈಗೆ ಬಂದ ಮೇಲೆ ಹತ್ತಿದ್ದು. ಮನಾಮದ ಬಾಬ್ ಅಲ್ ಬಹ್ರೇನ್ ಹಿಂದಿನ ಸೂಕ್‌ನಲ್ಲಿ, ಕೈ ಚಾಚಿದರೆ ಎದುರಿನ ಅಂಗಡಿ ಮುಟ್ಟುವಂಥ ಗಲ್ಲಿಯಲ್ಲಿ ನಮ್ಮ ಅಂಗಡಿ. ಆಗ ಆರು ಮಿಷನ್, ಆರು ಜನ. ಇಬ್ಬರು ಬಂಗಾಲಿಗಳು, ಒಬ್ಬ ಪಾಕಿಸ್ತಾನದ ಮಾಸ್ಟರ್, ಒಬ್ಬ ಕಾಸರಗೋಡಿನವರು, ಇನ್ನೊಬ್ಬ ಮಲಬಾರಿ, ಮತ್ತೆ ನಾನು. ಪ್ಯಾಂಟು-ಶರ್ಟು ಹೊಲಿಯುತ್ತಿದ್ದ ನನಗೆ ತೋಬ್ ಕಲಿಸಿದವರು ಆ ಪಾಕಿಸ್ತಾನದ ಮಾಸ್ಟರೇ.

ನೋಡುವವರಿಗೆ ಎಲ್ಲ ಅರಬರೂ ಒಂದೇ ಬಿಳಿ ಅಂಗಿ ಹಾಕಿದ ಹಾಗೆ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು. ಮೊದಲ ತಿಂಗಳು ಮಾಸ್ಟರ್ ನನ್ನನ್ನು ಅಂಗಡಿ ಬಾಗಿಲಲ್ಲಿ ನಿಲ್ಲಿಸಿ, ಹೋಗುವವರನ್ನು ತೋರಿಸಿ "ಇವನು ಎಲ್ಲಿಯವನು?" ಎಂದು ಕೇಳುತ್ತಿದ್ದರು. ಎಮಿರಾತಿನವರ ಕಂದೂರಕ್ಕೆ ಕಾಲರ್ ಇಲ್ಲ, ಕುತ್ತಿಗೆಯಿಂದ ಉದ್ದನೆಯ ಗೊಂಡೆ ಇಳಿದಿರುತ್ತದೆ. ಒಮಾನಿನವರಿಗೂ ಕಾಲರ್ ಇಲ್ಲ, ಗೊಂಡೆ ಗಿಡ್ಡ. ಅದನ್ನು ಅತ್ತರಿನಲ್ಲಿ ಅದ್ದಿಕೊಳ್ಳುತ್ತಾರೆ. ಸೌದಿಯವರದ್ದು ನೆಟ್ಟಗೆ ನಿಲ್ಲುವ ಗಟ್ಟಿ ಕಾಲರ್, ಒಳಗೆ ಕ್ಯಾನ್ವಾಸ್ ಸರಿಯಾಗಿ ಕೂರದಿದ್ದರೆ ವಾಪಸು ಬಂತೆಂದೇ ಲೆಕ್ಕ. ಬಹ್ರೇನಿನವರದ್ದು ಶರ್ಟಿನ ಹಾಗೆ ಮೆತ್ತಗೆ ಮಡಚಿದ ಕಾಲರ್, ಮೈಗೆ ಸ್ವಲ್ಪ ಸಡಿಲ. ಈ ಮಡಿಕೆ, ಗುಂಡಿ, ಅರ್ಧ ಇಂಚಿನ ವ್ಯತ್ಯಾಸಗಳಲ್ಲೇ ಅವರ ಫ್ಯಾಷನ್ ಇರುವುದು. ನಮ್ಮಲ್ಲಿ ಪಂಚೆಯ ಕರೆ ನೋಡಿ ಆಸಾಮಿ ಯಾರೆಂದು ಹೇಳುವ ಹಿರಿಯರು ಇದ್ದರಲ್ಲ, ಹಾಗೆ.

ರಂಜಾನ್ ತಿಂಗಳೆಂದರೆ ನಮಗೆ ನಿದ್ದೆ ಇಲ್ಲದ ತಿಂಗಳು. ನಡುವೆ ಗರ್ಗಾವೂನ್ ಬರುತ್ತದೆ. ಆ ರಾತ್ರಿ ಮಕ್ಕಳು ಹೊಸ ಬಟ್ಟೆ ಹಾಕಿ ಮನೆ ಮನೆಗೆ ಹೋಗಿ ಸಿಹಿ, ಬೀಜ ಬೇಡಿ ತರುತ್ತಾರೆ. ಎರಡು ವರ್ಷದ ಹುಡುಗನಿಗೂ ಅಪ್ಪನ ಹಾಗೆಯೇ ತೋಬ್ ಆಗಬೇಕು, ಹುಡುಗಿಯರಿಗೆ ಜರಿಯ ಉದ್ದಂಗಿ. ಅದು ಮುಗಿಯಿತೆನ್ನುವಾಗ ಈದ್. ಬೆಳಗಿನ ಜಾವ ಮೂರಕ್ಕೂ ಗಿರಾಕಿ ಬಂದು "ರೆಡಿ?" ಎಂದು ಕೇಳುತ್ತಾರೆ. ಈದ್ ಬೆಳಿಗ್ಗೆ ಇಡೀ ಊರು ನಾವು ಹೊಲಿದದ್ದನ್ನು ಹಾಕಿಕೊಂಡು ನಮಾಜಿಗೆ ಹೋಗುವಾಗ ನಾವು ಬನಿಯನ್ನಿನಲ್ಲಿ ಮಲಗಿರುತ್ತೇವೆ.

ಒಮ್ಮೆ ರಜೆಯ ದಿನ ರೂಮಿನವರ ಜೊತೆ ಮುಹರ್ರಕ್‌ನ ಹಳೇ ಗಲ್ಲಿಗಳಲ್ಲಿ ತಿರುಗಾಡಿದೆ. ಮುತ್ತಿನ ವ್ಯಾಪಾರದ ಹಳೇ ಮನೆಗಳು ಅಲ್ಲಿವೆ, 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಎಣ್ಣೆ ಸಿಗುವ ಮೊದಲು ಈ ದ್ವೀಪ ಬದುಕಿದ್ದು ಮುತ್ತಿನಿಂದ. ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ವಾಸ. ಮೂಗಿಗೊಂದು ಚಿಮಟ, ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಮುಂಗಡ ಕೊಟ್ಟ ದೋಣಿಯ ಯಜಮಾನನಿಗೆ ಸಾಲ ತೀರುತ್ತಿರಲಿಲ್ಲ, ಅಪ್ಪನ ಸಾಲಕ್ಕೆ ಮಗ ಮುಳುಗಬೇಕಿತ್ತು. ಪ್ಯಾರಿಸಿನ ಕಾರ್ತಿಯೇ ಮನೆತನದ ಜಾಕ್ ಕಾರ್ತಿಯೇ ನೂರು ವರ್ಷಕ್ಕೂ ಹಿಂದೆ ತಾನೇ ಇಲ್ಲಿಗೆ ಬಂದು ಮುತ್ತಿನ ವ್ಯಾಪಾರಿಗಳ ನಡುವೆ ಕೂತು ಹೋಗಿದ್ದಾನೆ. ಆಮೇಲೆ ಜಪಾನಿನವರು ಮುತ್ತನ್ನು ಸಾಕಿ ಬೆಳೆಸತೊಡಗಿದರು, ಜಗತ್ತಿಗೆ ಹಣದ ಮುಗ್ಗಟ್ಟೂ ಬಂತು, ಇಲ್ಲಿಯ ಮುತ್ತಿನ ಬೆಲೆ ಬಿದ್ದುಹೋಯಿತು. 1932ರಲ್ಲಿ ಎಣ್ಣೆ ಸಿಗದಿದ್ದರೆ ನಾವ್ಯಾರೂ ಇಲ್ಲಿ ಇರುತ್ತಿರಲಿಲ್ಲ. ತಮಾಷೆ ಎಂದರೆ, ಈಗ ತೋಬಿಗೆ ಎಲ್ಲಕ್ಕಿಂತ ಒಳ್ಳೆಯದೆಂದು ಗಿರಾಕಿ ಕೇಳಿ ಪಡೆಯುವ ಬಟ್ಟೆ ಬರುವುದೂ ಜಪಾನಿನಿಂದಲೇ.

ಈಗ ಅಂಗಡಿಯಲ್ಲಿ ಎರಡು ಮಿಷನ್ ಉಳಿದಿವೆ. ರೆಡಿಮೇಡ್ ತೋಬ್ ಮಾಲಿನಲ್ಲಿ ನೇತಾಡುತ್ತಿರುತ್ತದೆ, ನಮ್ಮ ಹೊಲಿಗೆ ಕೂಲಿಗಿಂತ ಕಡಿಮೆಗೆ. ನಮಗೆ ಬರುವುದು ಹೆಚ್ಚಾಗಿ ಗಿಡ್ಡ ಮಾಡುವ, ಬಿಗಿ ಮಾಡುವ ಕೆಲಸ. ಇಲ್ಲದಿದ್ದರೆ ಮೊಬೈಲಿನಲ್ಲಿ ಯಾವುದೋ ನಟಿಯ ಫೋಟೋ ತೋರಿಸಿ "ಸೇಮ್ ಹೀಗೆ" ಎನ್ನುವವರು. ಆ ಫೋಟೋದ ಅಂಗಿಯನ್ನು ಬೆನ್ನ ಹಿಂದೆ ಪಿನ್ನು ಹಾಕಿ ಎಳೆದು ನಿಲ್ಲಿಸಿರುತ್ತಾರೆ, ಅದನ್ನು ಹಾಕಿಕೊಂಡು ಉಸಿರಾಡುವ ಹಾಗಿಲ್ಲ. ಗಿರಾಕಿಗೆ ಇದನ್ನು ಹೇಳುವಂತಿಲ್ಲ.

ಟೇಪು ಹಿಡಿದು ಮೂವತ್ತೆರಡು ವರ್ಷವಾಯಿತು. ಎರಡು ಭುಜ ಸಮ ಇರುವ ಮನುಷ್ಯನನ್ನು ನಾನು ಕಂಡದ್ದು ಕಡಿಮೆ. ಸಿಮೆಂಟು ಹೊತ್ತವನ ಬಲ ಭುಜ ಇಳಿದಿರುತ್ತದೆ. ಕಂಪ್ಯೂಟರ್ ಮುಂದೆ ಕೂತವನ ಕುತ್ತಿಗೆ ಮುಂದಕ್ಕೆ ಬಂದಿರುತ್ತದೆ. ಅವನಿಗೆ ಬೆನ್ನಿನ ತುಂಡು ಅರ್ಧ ಇಂಚು ಉದ್ದ ಬೇಕು. ಡ್ರೈವರನಿಗೆ ಹೊಟ್ಟೆಯ ಹತ್ತಿರ. ಕಂಪನಿಯವರು ಜಗತ್ತಿನ ಜನರನ್ನೆಲ್ಲ ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಮೂರು ಡಬ್ಬಿಗೆ ಹಾಕಿದ್ದಾರೆ. ಮೀಡಿಯಂ ಎಂಬ ಮನುಷ್ಯ ನನ್ನ ಅಂಗಡಿಗೆ ಇನ್ನೂ ಬಂದಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಗದಗ ಕಡೆಯ ಒಬ್ಬ ಹುಡುಗ ಬಂದ. ಕನ್ಸ್ಟ್ರಕ್ಷನ್ ಕೆಲಸ, ಎರಡೂವರೆ ವರ್ಷದ ನಂತರ ಊರಿಗೆ ಹೊರಟಿದ್ದ. ಶರ್ಟ್ ಪೀಸು ಮುಂದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತ.

"ಅಣ್ಣಾ, ನಾ ಸ್ವಲ್ಪ ದಪ್ಪ ಕಾಣೂ ಹಂಗ ಹೊಲೀರಿ."

"ಎಂತಕ್ಕೆ ಮಾರಾಯ? ಎಲ್ಲರೂ ಸಪೂರ ಕಾಣ್ಬೇಕು ಅಂತಾರೆ."

"ನಮ್ಮವ್ವ ನೋಡಿದ್ರ ಅಳ್ತಾಳ್ರೀ."

ಸಪೂರದವನು ದಪ್ಪ ಕಾಣಬೇಕೆಂದು ಸಡಿಲ ಹೊಲಿದರೆ ಕೆಟ್ಟಿತು. ಕೋಲಿಗೆ ನೇತು ಹಾಕಿದ ಹಾಗಾಗುತ್ತದೆ. ಮೈಗೆ ಹತ್ತಿರವೇ ಇರಬೇಕು, ಬಟ್ಟೆ ದಪ್ಪಗಿರಬೇಕು, ಅಡ್ಡ ಗೆರೆ ಇದ್ದರೆ ಒಳ್ಳೆಯದು. ಅವನು ತಂದ ತೆಳು ಬಟ್ಟೆಯನ್ನು ವಾಪಸು ಕೊಟ್ಟು ದಪ್ಪ ಚೌಕುಳಿ ಬಟ್ಟೆ ತರಿಸಿದೆ. ಎದೆಯ ಎರಡೂ ಕಡೆ ಮುಚ್ಚಳವಿರುವ ಜೇಬು, ಭುಜದ ಒಳಗೆ ತೆಳ್ಳಗೆ ಕ್ಯಾನ್ವಾಸ್, ಇಳಿದ ಬಲ ಭುಜಕ್ಕೆ ಇನ್ನೊಂದು ಪದರ. ಹಾಕಿಕೊಂಡು ಕನ್ನಡಿಯಲ್ಲಿ ನೋಡಿ ನಕ್ಕ. ಕೂಲಿಯಲ್ಲಿ ಅರ್ಧ ದಿನಾರ್ ಬಿಟ್ಟೆ. ಪೂರ್ತಿ ಬಿಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಊರಿಂದ ವಾಟ್ಸಾಪಿನಲ್ಲಿ ತಾಯಿಯ ಜೊತೆ ನಿಂತ ಫೋಟೋ ಕಳಿಸಿದ. ಕೆಳಗೆ ಬರೆದಿದ್ದ: "ಅವ್ವ ಕೈ ಹಿಡ್ಕೊಂಡ ಕೂಡ್ಲೆ ಸೊರಗಿ ಅಂದ್ಲು." ಮಣಿಕಟ್ಟು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಸಲೂನಿನಲ್ಲಿ ಕೆಲಸ ಮಾಡುವ ಕಾರ್ಕಳ ಕಡೆಯ ಒಬ್ಬಳು ಯೂನಿಫಾರ್ಮ್ ಸರಿ ಮಾಡಿಸಲು ಬರುತ್ತಾಳೆ. ಬೆಳಿಗ್ಗೆ ಮುಖಕ್ಕೆ ಪೂರ್ತಿ ಮೇಕಪ್ ಮಾಡಿಯೇ ಕೆಲಸಕ್ಕೆ ನಿಲ್ಲಬೇಕಂತೆ, ಅದು ಅಲ್ಲಿಯ ನಿಯಮ. ಮುಖ ಮದುಮಗಳ ಹಾಗೆ. ರಸೀದಿ ತೆಗೆದುಕೊಳ್ಳುವಾಗ ಕೈ ನೋಡಿದೆ. ಬಣ್ಣ, ಬ್ಲೀಚು, ಕೂದಲಿನ ಔಷಧಿ ತಾಗಿ ತಾಗಿ ಬೆರಳ ಸಂದಿಯೆಲ್ಲ ಬಿರುಕು. "ರಾತ್ರಿ ತೆಂಗಿನೆಣ್ಣೆ ಹಚ್ತೇನೆ ಅಂಕಲ್" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಊರಲ್ಲಿ ಅವಳ ತಂಗಿಯರು ಅವಳ ಫೋಟೋ ನೋಡಿ, ತಾವೂ ಬ್ಯೂಟಿಷಿಯನ್ ಕೋರ್ಸಿಗೆ ಸೇರಿದ್ದಾರಂತೆ.

ಇನ್ನು ನನ್ನ ಮನೆಯ ವಿಷಯ. ಅದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ, ಹೇಗೂ ಈ ಪುಸ್ತಕ ಊರಿಗೆ ತಲುಪುವಾಗ ನಾನೂ ಅಲ್ಲೇ ಇರುತ್ತೇನೆ.

ಮದುವೆಯಾಗಿ ಏಳು ತಿಂಗಳಿಗೆ ನಾನು ಬಂದದ್ದು. 1995ರಲ್ಲಿ ಮೊದಲ ರಜೆಗೆ ಹೋದಾಗ ಎಲ್ಲರಂತೆ ನಾನೂ ಫಾರಿನ್ ಸೀರೆ, ಸೆಂಟು, ಟೈಗರ್ ಬಾಮ್, ಪೌಡರ್ ಡಬ್ಬಿ ಹೊತ್ತುಕೊಂಡು ಹೋದೆ. ಆ ನೈಲಾನ್ ಸೀರೆಗಳು ನಮ್ಮ ಊರಿನ ಸೆಕೆಗೆ ಮೈಗೆ ಅಂಟುತ್ತಿದ್ದವು. ಆದರೂ ಮದುವೆಮನೆಯಲ್ಲಿ ಅದನ್ನು ಉಟ್ಟವರ ಕಡೆಗೇ ಎಲ್ಲರ ಕಣ್ಣು. ಸೀರೆಗೆ ರವಿಕೆ ಬೇಕಲ್ಲ? ಗಂಡ ಟೈಲರ್ ಇರುವಾಗ ಬೇರೆಯವರ ಹತ್ತಿರ ಹೊಲಿಸುವುದುಂಟೇ? ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಅವಳ ಅಳತೆ ತೆಗೆದು ಒಂದು ಚೀಟಿಯಲ್ಲಿ ಬರೆದುಕೊಂಡೆ. ಎದೆ, ಸೊಂಟ, ಭುಜ, ತೋಳಿನ ಉದ್ದ, ತೋಳಿನ ಸುತ್ತು, ಕುತ್ತಿಗೆಯ ಆಳ. ಆ ಚೀಟಿ ಈಗಲೂ ನನ್ನ ಪಾಸ್‌ಪೋರ್ಟಿನ ಕವರಿನಲ್ಲಿದೆ.

ಆಮೇಲೆ ವರ್ಷಕ್ಕೆ ನಾಲ್ಕೈದು ರವಿಕೆ ಹೊಲಿದು ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆ. ಟೈಲರುಗಳು ಹೊಲಿಗೆಯ ಒಳಗೆ ಬಟ್ಟೆ ಬಿಡುತ್ತೇವೆ. ಮುಂದೆ ಮೈ ಬಂದರೆ ಬಿಚ್ಚಿ ಸಡಿಲ ಮಾಡಲಿಕ್ಕೆ. ಗಿರಾಕಿಗೆ ಅರ್ಧ ಇಂಚು ಬಿಟ್ಟರೆ ಹೆಂಡತಿಗೆ ಒಂದು ಇಂಚು ಬಿಡುತ್ತಿದ್ದೆ. 1996ರಲ್ಲಿ ಮಗಳು ಹುಟ್ಟಿದಳು. ನಾನು ಹೋದದ್ದು ಮರುವರ್ಷ. ಆ ನಡುವೆಯೂ ಅದೇ ಚೀಟಿ ನೋಡಿ ಹೊಲಿದಿದ್ದೆ. ಬಾಣಂತನ ಮುಗಿಸಿದ ಹೆಂಗಸಿನ ಮೈ ಹಾಗೆಯೇ ಇರುತ್ತದೆಯೇ ಎಂದು ಟೈಲರನಾದ ನನಗೆ ಹೊಳೆಯಲಿಲ್ಲ ನೋಡಿ. ಅವಳಿಗೆ ಕೇಳಿದರೆ "ಸರಿ ಆಯ್ತು, ಒಳ್ಳೇದಾಯ್ತು" ಎನ್ನುತ್ತಿದ್ದಳು. ಪಕ್ಕದ ಮನೆಗೆ ಫೋನ್ ಮಾಡಿ ಕರೆಸಿ ಮಾತಾಡುವ ಕಾಲ. ನಾಲ್ಕು ಜನ ಕೇಳಿಸಿಕೊಳ್ಳುತ್ತಿರುವಾಗ ರವಿಕೆಯ ಮಾತು ಎಷ್ಟು ಆಡಲಿಕ್ಕಾಗುತ್ತದೆ?

2009ರ ರಜೆಯಲ್ಲಿ ಮಳೆಗಾಲಕ್ಕೆ ಮುಂಚೆ ಕಪಾಟಿನ ಬಟ್ಟೆ ಬಿಸಿಲಿಗೆ ಹಾಕುತ್ತಿದ್ದಳು. ನಾನೂ ಕೈ ಜೋಡಿಸಿದೆ. ಒಂದು ರೇಷ್ಮೆ ರವಿಕೆಯ ಒಳಗು ಮೇಲಾಗಿತ್ತು. ನೋಡಿದರೆ ಬದಿಯಲ್ಲಿ ನನ್ನ ಹೊಲಿಗೆ ಇಲ್ಲ. ನಾನು ಬಿಟ್ಟಿದ್ದ ಒಂದಿಂಚು ಪೂರ್ತಿ ಬಿಚ್ಚಿ, ಅಂಚಿನಲ್ಲಿ ಬೇರೆಯವರು ಹೊಲಿದಿದ್ದಾರೆ. ರೇಷ್ಮೆಯಲ್ಲಿ ಸೂಜಿಯ ತೂತು ಹೋಗುವುದಿಲ್ಲ. ನನ್ನ ಹೊಲಿಗೆ ಇದ್ದ ಕಡೆ ಸಾಲಾಗಿ ಚುಕ್ಕೆ ಉಳಿದಿತ್ತು. ಒಂದೊಂದಾಗಿ ಎಲ್ಲ ತಿರುವಿ ನೋಡಿದೆ. ಹನ್ನೆರಡು ವರ್ಷದ ಎಲ್ಲ ರವಿಕೆಯೂ ಹಾಗೆಯೇ. ಕೋಟೇಶ್ವರದ ಟೈಲರನ ಕೈ ಅದು, ಹೊಲಿಗೆ ಸ್ವಲ್ಪ ಉದ್ದ. ಕೆಲವಕ್ಕೆ ಒಂದಿಂಚು ಸಾಲದೆ ಕಂಕುಳಲ್ಲಿ ಬೇರೆ ಬಟ್ಟೆಯ ತುಂಡು ಕೊಟ್ಟಿದ್ದ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. "ಒಂದು ಮಾತು ಹೇಳೂಕಾಗ್ಲಿಲ್ಯಾ?" ಎಂದೆ.

"ಹೇಳಿ ಎಂತ ಮಾಡುದ್? ನೀವು ರಾತ್ರಿ ನಿದ್ದಿ ಬಿಟ್ಟು ಹೊಲ್ದದ್. ಸರಿ ಆಯ್ಲಿಲ್ಲ ಅಂದ್ರೆ ಅಲ್ ಒಬ್ರೇ ಕೂತ್ಕಂಡ್ ಬೇಜಾರ್ ಮಾಡ್ಕಂತ್ರಿ" ಎಂದು ಹೇಳಿ ರವಿಕೆ ಕೈಯಿಂದ ತೆಗೆದುಕೊಂಡು ಹಗ್ಗದ ಮೇಲೆ ಹರಡಿದಳು.

ಆ ಮೇಲೆ ಪ್ರತಿ ರಜೆಯಲ್ಲೂ ಹೊಸದಾಗಿ ಅಳತೆ ತೆಗೆದುಕೊಂಡು ಬರುತ್ತಿದ್ದೆ. ಕೊರೋನಾದ ಸಮಯದಲ್ಲಿ ಮೂರು ವರ್ಷ ಹೋಗಲಾಗಲಿಲ್ಲ. ಆಗ ವಿಡಿಯೋ ಕಾಲಿನಲ್ಲಿ ಅವಳೇ ಟೇಪು ಹಿಡಿದು ಓದಿ ಹೇಳುತ್ತಿದ್ದಳು. ಸೊಂಟಕ್ಕೆ ಎರಡಿಂಚು ಕಡಿಮೆ ಹೇಳುತ್ತಾಳೆಂದು ನನಗೆ ಗೊತ್ತು. ನಾನು ಎರಡಿಂಚು ಸೇರಿಸಿ ಬರೆದುಕೊಳ್ಳುತ್ತಿದ್ದೆ. ಅದು ಅವಳಿಗೂ ಗೊತ್ತು.

ಬರುವ ಮೇ ತಿಂಗಳಲ್ಲಿ ಮಗಳ ಮದುವೆ. ಮಗಳ ರವಿಕೆ ಬೆಂಗಳೂರಿನಲ್ಲಿ ಡಿಸೈನರ್ ಹತ್ತಿರ ಹೊಲಿಸುತ್ತಾರಂತೆ. ಬೆನ್ನಿಗೆ ಕಸೂತಿ, ಮುತ್ತಿನ ಸರ ಇಳಿಬಿಡುವುದು; ಕೂಲಿ ಕೇಳಿ ನಾನು ಮಾತಾಡಲಿಲ್ಲ. "ಅಪ್ಪಾ, ನೀವು ಬೇಜಾರ್ ಮಾಡ್ಬೇಡಿ, ಅಮ್ಮಂದು ನೀವೇ ಹೊಲೀರಿ" ಎಂದಳು. ಸೂಕ್‌ನಲ್ಲಿ ಹುಡುಕಿ ಹೆಂಡತಿಯ ಮೈಸೂರು ಸಿಲ್ಕಿಗೆ ಹೊಂದುವ ಕಡು ಹಸಿರು ಪೀಸು ತೆಗೆದೆ, ಲೈನಿಂಗ್ ತೆಗೆದೆ, ಅದೇ ಬಣ್ಣದ ನೂಲು ಎರಡು ಉಂಡೆ. ಎಂದಿನ ಅಭ್ಯಾಸದಲ್ಲಿ ಮೇಜಿನ ಮೇಲೆ ಹರಡಿ ಚಾಕ್ ಹಿಡಿದಾಗ ಚೀಟಿಯ ನೆನಪಾಯಿತು. ಚಾಕ್ ಕೆಳಗಿಟ್ಟೆ.

ಈ ಸಲ ವೀಸಾ ಮುಗಿಸಿಯೇ ಹೋಗುತ್ತಿದ್ದೇನೆ. ಬಟ್ಟೆ ಕತ್ತರಿಸದೆ ಹಾಗೇ ಮಡಚಿ ಇಟ್ಟಿದ್ದೇನೆ. ಟೇಪು ಕೈಚೀಲದಲ್ಲಿ ಹೋಗುತ್ತದೆ. ಕತ್ತರಿ ಮಾತ್ರ ಲಗೇಜಿನಲ್ಲಿ ಹಾಕಬೇಕು, ಇಲ್ಲದಿದ್ದರೆ ಏರ್‌ಪೋರ್ಟಿನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.