‘ಸೂಪರ್’ ಎಂದರೆ ಏನು ತಿದ್ದಿಕೊಳ್ಳಲಿ?

ಮಂಗಳೂರಿನ ಚರ್ಚ್ ಗಾಯನ ಮಂಡಳಿಗಳಲ್ಲಿ ಕೀಬೋರ್ಡ್ ನುಡಿಸುವವರಿಗೆ ಬರವಿಲ್ಲ. ಗಿಟಾರ್ ಹಿಡಿದವರು ವಾರ್ಡಿಗೆ ಇಬ್ಬರಾದರೂ ಸಿಗುತ್ತಾರೆ. ಬೇಸ್ ಗಿಟಾರ್ ನುಡಿಸುವವರು ಮಾತ್ರ ಅಪರೂಪ. ಇದ್ದ ಒಬ್ಬರು ಗಲ್ಫಿಗೆ ಹೋದರೆಂದರೆ ಆ ಜಾಗ ವರ್ಷಗಟ್ಟಲೆ ಖಾಲಿ ಉಳಿಯುತ್ತದೆ. ಅಂಥ ಖಾಲಿ ಜಾಗಗಳಿಗೆಂದು ಕಲಿಯಲು ಹೊರಟ ಆರು ಮಂದಿ ಹೊಸಬರು ನಾವು. ಬಿಜೈ, ಬೆಂದೂರು, ಕುಲಶೇಖರ, ಜೆಪ್ಪು ಎಂದು ಊರಿಡೀ ಹರಡಿಕೊಂಡಿರುವವರು. ಒಬ್ಬ ಐ.ಟಿ.ಐ. ಮುಗಿಸಿದವ, ಒಬ್ಬಳು ನರ್ಸಿಂಗ್ ಓದುವವಳು, ಒಬ್ಬರು ಬ್ಯಾಂಕಿನಲ್ಲಿರುವವರು. ನಾನು ಬಿ.ಎಡ್. ಎರಡನೆಯ ವರ್ಷದಲ್ಲಿರುವವಳು. ಎಲ್ಲರೂ ಒಟ್ಟಿಗೆ ಸೇರಲು ಸಮಯ ಹೊಂದುವುದಿಲ್ಲ. ಹಾಗಾಗಿ ಪ್ರತಿ ಗುರುವಾರ ರಾತ್ರಿ ಒಂದು ನಿಮಿಷದ ರೆಕಾರ್ಡಿಂಗ್ ಮಾಡಿ ಫೋನಿನಲ್ಲಿ ಒಬ್ಬರಿಗೊಬ್ಬರು ಕಳುಹಿಸುತ್ತೇವೆ, ಕೇಳಿ ಅಭಿಪ್ರಾಯ ಹೇಳುತ್ತೇವೆ. ಈ ಅಭ್ಯಾಸ ಬೋಧನಾಭ್ಯಾಸದ ಹಿಮ್ಮಾಹಿತಿಯ ಬಗ್ಗೆ ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೇಸ್ ಗಿಟಾರನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು. ಅದಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅತಿ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಇದರ ಎರಡರಷ್ಟು. ಹಾಡಿನ ತಾಳವನ್ನೂ ಸ್ವರವನ್ನೂ ಕೆಳಗಿನಿಂದ ಹೊತ್ತು ನಿಲ್ಲುವುದು ಬೇಸ್‌ನ ಕೆಲಸ. ನಮ್ಮ ಯಕ್ಷಗಾನದ ಹಿಮ್ಮೇಳವನ್ನು ನೆನಪಿಸಿಕೊಳ್ಳಿ. ದೂರದಿಂದ ಬರುವವನಿಗೆ ಮೊದಲು ಕೇಳಿಸುವುದು ಚೆಂಡೆ. ಮದ್ದಳೆ ಭಾಗವತರ ಪದವನ್ನು ಹೇಗೆ ಹಿಡಿದು ನಡೆಸುತ್ತಿದೆ ಎಂಬುದು ತಿಳಿಯಬೇಕಾದರೆ ರಂಗಸ್ಥಳದ ಹತ್ತಿರ ಕೂರಬೇಕು. ಬೇಸ್ ಕೂಡ ಹಾಗೆಯೇ. ವಿಲ್ಫಿ ರೆಬಿಂಬಸ್ ಅವರ ಹಾಡುಗಳನ್ನು ಬಾಯಿಪಾಠ ಹೇಳುವವರು ಇಲ್ಲಿನ ಕೊಂಕಣಿ ಮನೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದೇ ಹಾಡಿನ ಬೇಸ್ ಯಾವ ಕಡೆ ನಡೆಯಿತೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ನಮ್ಮ ಮೊದಲ ತಿಂಗಳುಗಳ ಅಭಿಪ್ರಾಯಗಳೆಲ್ಲ ಒಂದೇ ಬಗೆಯವು. ‘ಸೂಪರ್’, ‘ಚೆನ್ನಾಗಿದೆ’, ‘ಹೀಗೇ ಮುಂದುವರಿಸು’, ಜತೆಗೆ ಎರಡು ಚಪ್ಪಾಳೆ. ಯಾರಿಗೂ ಬೇಸರವಿರಲಿಲ್ಲ, ಯಾರೂ ಮುಂದೆ ಹೋಗಲೂ ಇಲ್ಲ. ಒಮ್ಮೆ ನರ್ಸಿಂಗ್ ಓದುವವಳೇ ಕೇಳಿದಳು: “ಸೂಪರ್ ಅಂತ ಐದು ಜನ ಹೇಳಿದಿರಿ. ನಾಳೆ ನಾನು ಏನು ತಿದ್ದಿಕೊಳ್ಳಲಿ?” ಯಾರಲ್ಲಿಯೂ ಉತ್ತರವಿರಲಿಲ್ಲ.

ಮದುವೆ, ರೋಸ್ ಕಾರ್ಯಕ್ರಮಗಳ ಬ್ಯಾಂಡಿನಲ್ಲಿ ಬಹಳ ವರ್ಷ ಬೇಸ್ ನುಡಿಸಿದ ಹಿರಿಯರೊಬ್ಬರು ನಮಗೆ ಆಗಾಗ ದಾರಿ ತೋರಿಸುತ್ತಾರೆ. ನಾವೆಲ್ಲ ಅವರನ್ನು ಅಂಕಲ್ ಎಂದೇ ಕರೆಯುವುದು. ಈ ಪ್ರಶ್ನೆಯನ್ನು ಅವರ ಮುಂದಿಟ್ಟಾಗ ಅವರು ಕೇಳಿದ್ದು ಇಷ್ಟೇ: “ಅವಳ ಬೇಸ್ ನಿಮಗೆ ಕೇಳಿಸಿತಾ ಮಕ್ಕಳೇ? ಯಾವುದರಲ್ಲಿ ಕೇಳಿದಿರಿ?” ಫೋನಿನ ಪುಟ್ಟ ಸ್ಪೀಕರ್ ಅಷ್ಟು ತಗ್ಗಿನ ಕಂಪನಗಳನ್ನು ಹೊರಡಿಸಲಾರದು. ಅದರಿಂದ ಹೊರಡುವುದು ಮೇಲಿನ ಉಪಸ್ವರಗಳು ಮಾತ್ರ. ಅವುಗಳ ಆಧಾರದಿಂದ ಮೂಲಸ್ವರವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಸ್ವರ ಯಾವುದೆಂದು ಗೊತ್ತಾಗಬಹುದು. ಆದರೆ ಅದು ಎಷ್ಟು ತುಂಬಿ ಬಂತು, ಬೆರಳು ಎತ್ತಿದಾಗ ಸ್ವಚ್ಛವಾಗಿ ನಿಂತಿತೋ ಪಕ್ಕದ ತಂತಿ ಗುಂಯ್ ಎನ್ನುತ್ತ ಉಳಿಯಿತೋ ಎಂಬುದು ತಿಳಿಯದು. ಹೊಸಬರು ತಿದ್ದಿಕೊಳ್ಳಬೇಕಾದದ್ದು ಇರುವುದು ಅಲ್ಲಿಯೇ.

ಅಂದಿನಿಂದ ನಮ್ಮಲ್ಲಿ ನಾಲ್ಕು ಕಟ್ಟುಪಾಡು. ಒಂದು, ಇಯರ್‌ಫೋನ್ ಹಾಕಿ ಎರಡು ಸಲವಾದರೂ ಕೇಳದೆ ಮಾತಾಡಬಾರದು. ಎರಡು, ಯಾವ ಸೆಕೆಂಡಿನಲ್ಲಿ ಏನು ಕೇಳಿಸಿತು ಎಂದು ಹೇಳಬೇಕು. ‘22ನೆಯ ಸೆಕೆಂಡಿನಲ್ಲಿ ಎರಡನೆಯ ಸ್ವರ ಡ್ರಮ್‌ಗಿಂತ ಮೊದಲು ಬಂತು’ ಎಂಬಂತೆ. ಮೂರು, ಒಬ್ಬರು ಒಂದೇ ವಿಷಯ ಹೇಳಬೇಕು. ನಾಲ್ಕು, ಕೇಳಿಸಿಕೊಂಡವರು ಮೂರು ದಿನದೊಳಗೆ ಅದೇ ತುಣುಕನ್ನು ಮತ್ತೆ ನುಡಿಸಿ ಕಳುಹಿಸಬೇಕು. ‘ಸೂಪರ್’ ಎನ್ನಬಾರದೆಂದೇನೂ ಇಲ್ಲ. ಯಾವುದು ಸೂಪರ್ ಎಂದು ಮಾತ್ರ ಹೇಳಬೇಕು.

ಎರಡನೆಯ ಕಟ್ಟುಪಾಡಿನ ಬೆಲೆ ತಿಳಿದದ್ದು ಐ.ಟಿ.ಐ. ಹುಡುಗನ ವಿಷಯದಲ್ಲಿ. ಅವನ ಪ್ರತಿ ರೆಕಾರ್ಡಿಂಗಿನಲ್ಲೂ ಬೇಸ್ ತಾಳದ ಹಿಂದೆ ಬೀಳುತ್ತಿತ್ತು. ‘ನಿನಗೆ ತಾಳಜ್ಞಾನ ಕಡಿಮೆ’ ಎಂದಿದ್ದರೆ ಅವನು ನಂಬಿಬಿಡುತ್ತಿದ್ದ. ಆದರೆ ಸೆಕೆಂಡುಗಳನ್ನು ಬರೆದು ಇಟ್ಟಾಗ ಒಂದು ವಿಷಯ ಎದ್ದು ಕಂಡಿತು. ಅವನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಹಿಂದೆ ಬೀಳುತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಹಿಂದೆ ಇದ್ದ. ತಾಳಜ್ಞಾನವಿಲ್ಲದವನು ಅಷ್ಟು ಕರಾರುವಾಕ್ಕಾಗಿ ತಡ ಮಾಡಲಾರ. ಕೊನೆಗೆ ತಿಳಿಯಿತು, ಅವನು ಡ್ರಮ್ಮಿನ ಸದ್ದನ್ನು ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುತ್ತ ನುಡಿಸುತ್ತಿದ್ದ. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವಾಗ ಸೆಕೆಂಡಿನ ಕಾಲು ಭಾಗದವರೆಗೂ ತಡವಾಗುವುದುಂಟು. ನಿಮಿಷಕ್ಕೆ 80 ಪೆಟ್ಟಿನ ಹಾಡಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಇರುವ ಅಂತರವೇ ಮುಕ್ಕಾಲು ಸೆಕೆಂಡು. ವಯರಿನ ಇಯರ್‌ಫೋನ್ ಹಾಕಿದ ಮೇಲೆ ಅವನ ಬೇಸ್ ಸರಿಯಾಗಿ ಪೆಟ್ಟಿನ ಮೇಲೆಯೇ ಬಿತ್ತು.

ಈಗ ನಮ್ಮ ಕಾಲೇಜಿನ ಕೆಲಸಕ್ಕೆ ಬರೋಣ. ಸೂಕ್ಷ್ಮಬೋಧನೆ 1963ರ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆ್ಯಲನ್ ಮತ್ತು ಅವರ ಸಂಗಡಿಗರಿಂದ ರೂಪುಗೊಂಡಿತು ಎಂದು ನಾವೆಲ್ಲ ಓದಿದ್ದೇವೆ. ಅದರ ಭಾರತೀಯ ಮಾದರಿಯ ಚಕ್ರ 36 ನಿಮಿಷದ್ದು. ಬೋಧನೆಗೆ 6, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6. ಅತಿ ಹೆಚ್ಚು ಸಮಯವಿರುವುದು ಮರುಯೋಜನೆಗೆ, ಅಂದರೆ ಕೇಳಿಸಿಕೊಂಡದ್ದನ್ನು ಒಬ್ಬರೇ ಕುಳಿತು ಯೋಚಿಸುವುದಕ್ಕೆ. ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ನಮ್ಮ ಮೂರು ದಿನದ ಕಟ್ಟುಪಾಡು ಈ 12 ನಿಮಿಷಗಳೇ. ಮರಳಿ ನುಡಿಸಲು ಅವಕಾಶವಿಲ್ಲದಿದ್ದರೆ ಹಿಮ್ಮಾಹಿತಿ ಬರಿಯ ತೀರ್ಪಾಗಿ ಉಳಿಯುತ್ತದೆ.

ಶಾಲೆಗೆ ಹೋದ ಮೇಲೆ ಸಹಪಾಠಿಗಳ ಪಾಠವನ್ನು ನಾವು ವೀಕ್ಷಿಸುತ್ತೇವೆ, ನಮೂನೆ ತುಂಬಿಸುತ್ತೇವೆ. ಪೀಠಿಕೆ, ಧ್ವನಿ, ಕರಿಹಲಗೆ ಬಳಕೆ, ಪ್ರಶ್ನಿಸುವ ಕೌಶಲ, ತರಗತಿ ನಿಯಂತ್ರಣ. ಒಂದೊಂದಕ್ಕೂ ಒಂದು ಅಂಕೆ, ಕೆಳಗೆ ಷರಾ. ಆ ಹಾಳೆ ಕಡತಕ್ಕೆ ಹೋಗುತ್ತದೆ, ಕಡತವನ್ನು ಆಂತರಿಕ ಅಂಕ ಕೊಡುವವರು ನೋಡುತ್ತಾರೆ. ಗೆಳತಿಯ ಅಂಕ ಕಡಿಮೆಯಾಗಲೆಂದು ಯಾರು ಬರೆದಾರು? ಆದ್ದರಿಂದ ‘ಧ್ವನಿ ಸ್ಪಷ್ಟವಾಗಿದೆ’, ‘ಕರಿಹಲಗೆ ಬಳಕೆ ಉತ್ತಮ’ ಎಂಬ ಷರಾಗಳೇ ತುಂಬುತ್ತವೆ. ಇವು ನಮ್ಮ ‘ಸೂಪರ್’ನ ಪುಸ್ತಕಭಾಷೆಯ ರೂಪಗಳು. ಇನ್ನೊಂದು ತೊಂದರೆಯೂ ಇದೆ. ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಕಾಣುವುದು ಕರಿಹಲಗೆ ಮತ್ತು ಶಿಕ್ಷಕಿ. ಮಕ್ಕಳ ಬೆನ್ನು ಮಾತ್ರ ಕಾಣುತ್ತದೆ. ಪಾಠವನ್ನು ಹೊತ್ತು ನಿಲ್ಲುವುದು ಮಕ್ಕಳ ಒಳಗೆ ನಡೆಯುವ ಕೆಲಸ. ಅಲ್ಲಿಂದ ಅದು ಕೇಳಿಸುವುದಿಲ್ಲ.

ನನ್ನ ಸಹಪಾಠಿಯೊಬ್ಬಳು 8ನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದಳು. ಸತತ ಮೂರು ಪಾಠಗಳಿಗೆ ಅವಳಿಗೆ ಸಿಕ್ಕಿದ ಷರಾ ಒಂದೇ: ‘ತರಗತಿ ನಿಯಂತ್ರಣ ಸುಧಾರಿಸಬೇಕು.’ ಸ್ಟೇಟ್‌ಬ್ಯಾಂಕ್ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಅವಳು ಹೇಳಿದಳು: “ಇದು ನನ್ನಿಂದಾಗುವ ಕೆಲಸ ಅಲ್ಲ ಮಾರಾಯ್ತಿ. ಕೋರ್ಸ್ ಮುಗಿಸಿ ಬೇರೆ ಏನಾದರೂ ನೋಡುತ್ತೇನೆ.” ಮನೆಯವರು ಸಾಲ ಮಾಡಿ ಓದಿಸುತ್ತಿರುವ ಹುಡುಗಿ ಅವಳು. ಮಾತು ತಮಾಷೆಯದಾಗಿರಲಿಲ್ಲ. ಸುಧಾರಿಸಬೇಕು ಎಂದವರಾರೂ ಏನನ್ನು, ಯಾವ ನಿಮಿಷದಲ್ಲಿ ಎಂದು ಹೇಳಿರಲಿಲ್ಲ.

ಅವಳ ನಾಲ್ಕನೆಯ ಪಾಠಕ್ಕೆ ನಾನು ತರಗತಿಯ ಮುಂದಿನ ಮೂಲೆಯಲ್ಲಿ, ಮಕ್ಕಳ ಮುಖ ಕಾಣುವಂತೆ ಕುಳಿತೆ. ನಮೂನೆಯ ಜತೆಗೆ ಒಂದು ಬಿಳಿಹಾಳೆ ಇಟ್ಟುಕೊಂಡು ಸಮಯ ಹಾಕುತ್ತ ಕಂಡದ್ದನ್ನು ಮಾತ್ರ ಬರೆದೆ. ಅವಳು ಕೇಳಿದ್ದು 14 ಪ್ರಶ್ನೆ. 11ಕ್ಕೆ ಉತ್ತರ ಕೊಟ್ಟದ್ದು ಮುಂದಿನ ಬೆಂಚಿನ ಅದೇ ಮೂವರು. ಪ್ರಶ್ನೆ ಮುಗಿಯುವುದಕ್ಕೂ ಅವರಲ್ಲೊಬ್ಬರ ಹೆಸರು ಕರೆಯುವುದಕ್ಕೂ ನಡುವೆ ಒಂದು ಉಸಿರಿನ ಅಂತರವೂ ಇರಲಿಲ್ಲ. ಗಲಾಟೆ ಶುರುವಾದದ್ದು 12ನೆಯ ನಿಮಿಷದಲ್ಲಿ, ಕೊನೆಯ ಎರಡು ಬೆಂಚುಗಳಲ್ಲಿ. ಅದಕ್ಕೆ ಮೊದಲು ಎರಡು ಸಲ ಅಲ್ಲಿನ ಒಬ್ಬ ಹುಡುಗ ಕೈ ಅರ್ಧ ಎತ್ತಿ ಇಳಿಸಿದ್ದ. ಹಾಳೆಯಲ್ಲಿ ಇಷ್ಟೇ ಇತ್ತು. ‘ನಿಯಂತ್ರಣ’ ಎಂಬ ಪದ ಇರಲಿಲ್ಲ.

ಮಧ್ಯಾಹ್ನ ಅವಳು ಹಾಳೆಯನ್ನು ಎರಡು ಸಲ ಓದಿದಳು. ಬಹಳ ಹೊತ್ತು ಆ ಹುಡುಗನ ಬಗ್ಗೆಯೇ ಕೇಳಿದಳು. ಆಮೇಲೆ ನಾವು ಕಾಯುವ ಸಮಯದ ಬಗ್ಗೆ ಮಾತಾಡಿದೆವು. ಅಮೆರಿಕದ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಈ ವಿಚಾರ ಇದೆ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಅದನ್ನು 3 ಸೆಕೆಂಡು ಅಥವಾ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರೂ ಬಾಯಿ ಬಿಡುತ್ತಾರೆ. ಪರೀಕ್ಷೆಗೆ ಇಬ್ಬರೂ ಇದನ್ನು ಓದಿದ್ದೆವು. ಆದರೆ ಅದು ಅವಳ ಪಾಠದ ಯಾವ ನಿಮಿಷಕ್ಕೆ ಸೇರಿದ ಮಾತು ಎಂಬುದು ಹಾಳೆ ನೋಡಿದ ಮೇಲೆಯೇ ಕಂಡಿತು. ಬೇಸ್ ಕಲಿಯುವವರಿಗೂ ಅತಿ ಕಷ್ಟದ ಪಾಠ ವಿರಾಮ. ಸ್ವರವಿಲ್ಲದ ಪೆಟ್ಟನ್ನೂ ಒಳಗೆ ಎಣಿಸುತ್ತಲೇ ಇರಬೇಕು. ಖಾಲಿ ಬಿಟ್ಟರೆ ತಪ್ಪಾದೀತೆಂದು ಹೊಸಬರ ಬೆರಳು ತಾನಾಗಿ ಅದನ್ನು ತುಂಬಿಬಿಡುತ್ತದೆ.

ಮುಂದಿನ ಪಾಠದಲ್ಲಿ ಅವಳು ಪ್ರಶ್ನೆ ಕೇಳಿ ಮೇಜಿನ ಅಂಚಿನ ಮೇಲೆ ಬೆರಳಿನಿಂದ ಮೂರು ಎಣಿಸಿದಳು. ಮೊದಲ ಎರಡು ಸಲ ಆ ಮೌನ ಅವಳಿಗೂ ನನಗೂ ಸಹಿಸಲಾಗಲಿಲ್ಲ. ನಾಲ್ಕನೆಯ ಪ್ರಶ್ನೆಗೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಉತ್ತರ ಅರ್ಧ ಸರಿಯಿತ್ತು. ಉಳಿದರ್ಧವನ್ನು ಅವನ ಪಕ್ಕದವನು ಸೇರಿಸಿದ. ಗಲಾಟೆ ಪೂರ್ತಿ ನಿಂತಿತೆಂದು ಹೇಳಲಾರೆ. ಶುಕ್ರವಾರದ ಕೊನೆಯ ಅವಧಿಯಲ್ಲಿ ಯಾವ ತರಗತಿಯಲ್ಲಿ ತಾನೇ ನಿಲ್ಲುತ್ತದೆ? ಆದರೆ ಬೇರೆ ಕೆಲಸ ನೋಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ತನ್ನ ಮುಂದಿನ ಪಾಠಕ್ಕೂ ಬಿಳಿಹಾಳೆ ತರಲು ಹೇಳಿದಳು. ನನ್ನ ಪಾಠಕ್ಕೆ ತಾನೇ ಒಂದನ್ನು ತಂದಳು. ಕರಿಹಲಗೆಯಲ್ಲಿ ಬರೆಯುವಾಗ ನಾನು ಎಷ್ಟು ಸಲ ಮಕ್ಕಳಿಗೆ ಬೆನ್ನು ಹಾಕಿ ಮಾತಾಡುತ್ತೇನೆಂದು ಅವಳ ಹಾಳೆಯಲ್ಲಿ ಸಮಯ ಸಹಿತ ದಾಖಲಾಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಂಗೀತವನ್ನು ಮತ್ತೆ ಮತ್ತೆ ಕೇಳಬಹುದು, ಪಾಠವೋ ಒಮ್ಮೆ ನಡೆದು ಹೋಗುತ್ತದೆ. ಸೆಕೆಂಡು ಎಣಿಸುತ್ತ ಕುಳಿತರೆ ಪಾಠದ ಒಟ್ಟಂದ ಕೈತಪ್ಪುವುದಿಲ್ಲವೇ? ತಪ್ಪುತ್ತದೆ. ಅದಕ್ಕಾಗಿಯೇ ಒಂದು ಪಾಠದಲ್ಲಿ ಒಂದೇ ವಿಷಯ ನೋಡಬೇಕು, ಯಾವುದನ್ನು ನೋಡಬೇಕೆಂದು ಕಲಿಸುವವರೇ ಮೊದಲು ಹೇಳಬೇಕು. ಒಟ್ಟಂದವನ್ನು ನೋಡಲು ಮಾರ್ಗದರ್ಶಕ ಶಿಕ್ಷಕರೂ ನಮ್ಮ ಪ್ರಾಧ್ಯಾಪಕರೂ ಇದ್ದಾರೆ.

ಆದ್ದರಿಂದ ಪ್ರಾಧ್ಯಾಪಕರಲ್ಲಿ ಒಂದು ವಿನಂತಿ. ನಮೂನೆ ಇರಲಿ, ಅಂಕಗಳೂ ಇರಲಿ. ಅದರ ಜತೆಗೆ ಕಡತಕ್ಕೆ ಸೇರದ, ಅಂಕಕ್ಕೆ ತಾಗದ ಒಂದು ಬಿಳಿಹಾಳೆಗೆ ಜಾಗ ಕೊಡಿ. ಪಾಠ ಮಾಡಿದವರ ಕೈಗೇ ಅದು ಹೋಗಲಿ, ಅವರಲ್ಲೇ ಉಳಿಯಲಿ. ನಮ್ಮ ಆರು ಮಂದಿಯಲ್ಲಿ ನೇರ ಮಾತು ಸಾಧ್ಯವಾದದ್ದು ನಾವು ಹೆಚ್ಚು ಪ್ರಾಮಾಣಿಕರೆಂದಲ್ಲ, ಅಲ್ಲಿ ಯಾರ ಮಾತಿನಿಂದಲೂ ಯಾರ ಅಂಕವೂ ಕಡಿಮೆಯಾಗುವುದಿಲ್ಲ ಎಂದು. ಸಹಪಾಠಿಗಳಿಗೂ ಒಂದು ಮಾತು: ಮುಂದಿನ ಸುತ್ತಿನ ಪಾಠಗಳಿಗೆ ಹೋಗುವಾಗ ಕುರ್ಚಿಯನ್ನು ಮಕ್ಕಳ ಮುಖ ಕಾಣುವ ಕಡೆ ಎಳೆದುಕೊಳ್ಳಿ, ಕೈಗಡಿಯಾರವನ್ನು ಮೇಜಿನ ಮೇಲಿಡಿ, ಹಾಳೆಯ ಎಡಬದಿಯಲ್ಲಿ ಸಮಯಕ್ಕೊಂದು ಗೆರೆ ಎಳೆಯಿರಿ. ಏನು ನೋಡಲಿ ಎಂದು ಪಾಠ ಮಾಡುವವರನ್ನೇ ಕೇಳಿ ಶುರುಮಾಡಿ.