ತಿರುಪು ಕೂತರೆ ಸಾಲದು

ಹೋದ ವಾರ ಗೆಳೆಯನೊಬ್ಬ ಕರ್ಚೀಫಿನಲ್ಲಿ ಲೆನ್ಸೊಂದನ್ನು ಗಂಟು ಕಟ್ಟಿಕೊಂಡು ಬಂದ. ಗುಜರಿ ಅಂಗಡಿಯಲ್ಲಿ ಸಿಕ್ಕಿತಂತೆ. ಮಂಡಕ್ಕಿ-ಮಿರ್ಚಿ ತಿಂದ ಕೈಯಲ್ಲೇ ಗಂಟು ಬಿಚ್ಚಿದ. ಕೊಟ್ಟೂರಿಗೆ ಬಂದವರು ಮಿರ್ಚಿ ಮುಗಿಸದೆ ನಮ್ಮ ಮನೆತನಕ ಬರುವುದಿಲ್ಲ, ಅದು ಇರಲಿ. ಆ ಎಣ್ಣೆ ಬೆರಳನ್ನು ಗಾಜಿನ ಮೇಲೇ ಊರಬೇಕೆ? ಏನೂ ಅನ್ನದೆ ಒರೆಸಿ ಓದಿದೆ: ಇಂಡಸ್ಟಾರ್-50. ಅಷ್ಟರಲ್ಲಿ ಅವನು ನನ್ನ ಝೋರ್ಕಿ-4 ಕ್ಯಾಮೆರಾ ಎತ್ತಿಕೊಂಡು, ಅದರಲ್ಲಿದ್ದ ಜುಪಿಟರ್-8 ಲೆನ್ಸನ್ನು ತಿರುವಿ ತೆಗೆದು, ಇದನ್ನು ಹಾಕಿಯೇ ಬಿಟ್ಟ. ಚೂರೂ ಸದ್ದಿಲ್ಲದೆ ತಿರುಗಿ ಕೂತಿತು.

"ನೋಡಣ್ಣ, ಹೆಂಗ್ ಕುಂತೈತಿ! ಇನ್ನೇನ್ ಬೇಕು?"

ಕೂತದ್ದು ತಿರುಪು ಮಾತ್ರ. ಲೆನ್ಸು ಝೋರ್ಕಿಯದಲ್ಲ, ಝೆನಿತ್‌ನದು. ಝೋರ್ಕಿಯ ಹೊಟ್ಟೆಯಲ್ಲಿ ಕನ್ನಡಿಯೊಂದನ್ನು ಕೂರಿಸಿ ರಷ್ಯದವರು ಝೆನಿತ್ ಮಾಡಿದರು. ಬಾಯಿಯ ಅಳತೆ ಮಾತ್ರ ಅದೇ 39 ಮಿಲಿಮೀಟರ್ ಉಳಿಯಿತು. ಕನ್ನಡಿ ಏಳಲು ಜಾಗ ಬೇಕಲ್ಲ, ಹಾಗಾಗಿ ಬಾಯಿಂದ ರೀಲಿಗೆ ಇದ್ದ 28.8 ಮಿಲಿಮೀಟರ್ ದೂರ 45.2 ಆಯಿತು. ಲೆನ್ಸಿನ ಹೆಸರನ್ನೂ ಬದಲಿಸಲಿಲ್ಲ, ಎರಡೂ ಇಂಡಸ್ಟಾರ್-50. ನಮ್ಮೂರಲ್ಲಿ ಬೀದಿಗೆ ನಾಲ್ಕು ಜನ ಕೊಟ್ರೇಶರಿದ್ದಾರೆ. ಹೆಸರು ಒಂದೇ ಅಂತ ಈ ಕೊಟ್ರೇಶನ ಸಾಲವನ್ನು ಆ ಕೊಟ್ರೇಶ ತೀರಿಸುತ್ತಾನೆಯೆ?

ಹಿಂಬದಿ ತಿರುಗಿಸಿ ನೋಡಿದರೆ ಸಾಕು, ಜಾತಕ ಗೊತ್ತಾಗುತ್ತದೆ. ಝೋರ್ಕಿಯ ಲೆನ್ಸಿಗೆ ಬೆನ್ನಲ್ಲೊಂದು ಬಳೆ. ಫೋಕಸ್ ತಿರುಗಿಸಿದಂತೆ ಅದು ಹಿಂದೆ ಮುಂದೆ ಸರಿದು ಕ್ಯಾಮೆರಾದೊಳಗಿನ ನಾಲಿಗೆಯನ್ನು ತಳ್ಳುತ್ತದೆ. ಆಗ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎರಡಾಗಿ ಕಂಡ ಬಸವಣ್ಣನ ಕೊಂಬು ಮೆಲ್ಲಗೆ ಬಂದು ಒಂದಾಗುತ್ತದೆ. ಆ ಒಂದಾಗುವ ಗಳಿಗೆಗಾಗಿಯೇ ನಾನು ಈ ಹುಚ್ಚು ಹಚ್ಚಿಕೊಂಡಿರುವುದು. ಝೆನಿತ್ ಲೆನ್ಸಿಗೆ ಆ ಬಳೆಯೇ ಇಲ್ಲ. ಗೆಳೆಯನಿಗೆ ಇಷ್ಟೆಲ್ಲ ಹೇಳಿದೆ. "ನಿನ್ನ ಕ್ಯಾಮೆರಾನೇ ಕೆಟ್ಟಿರಬೇಕು" ಎಂದ.

ವಾದ ಬಿಟ್ಟು ಬಟರ್ ಪೇಪರ್ ತಂದೆ. ಇದು ನನ್ನ ಪ್ರೀತಿಯ ವಿದ್ಯೆ. ಝೋರ್ಕಿ-4ರ ಬೆನ್ನು ಪೂರ್ತಿ ಕಳಚಿ ಬರುತ್ತದೆ. ರೀಲು ಹಾಯುವ ಹಳಿಗಳ ಮೇಲೆ ಬಟರ್ ಪೇಪರನ್ನು ಬಿಗಿಯಾಗಿ ಅಂಟಿಸಬೇಕು. ಸಡಿಲವಾದರೆ ಲೆಕ್ಕ ತಪ್ಪಿತು. ಶಟರನ್ನು 'ಬಿ'ಯಲ್ಲಿ ಒತ್ತಿ ಹಿಡಿದು, ಲೆನ್ಸನ್ನು ಪೂರ್ತಿ ತೆರೆದು, ಭೂತಗನ್ನಡಿ ಹಿಡಿದು ನೋಡಬೇಕು. ದೂರದ ಮೊಬೈಲ್ ಟವರಿಗೆ ಗುರಿಯಿಟ್ಟೆವು. ಜುಪಿಟರ್‌ನಲ್ಲಿ ಟವರಿನ ಒಂದೊಂದು ಕಂಬಿಯೂ ತಲೆಕೆಳಗಾಗಿ ನಿಂತಿತ್ತು. ಅವನ ಲೆನ್ಸಿನಲ್ಲಿ ಬರೀ ಗಂಜಿ. 16.4 ಮಿಲಿಮೀಟರ್ ಉದ್ದದ ಕೊಳವೆ ನಡುವೆ ಹಾಕಿದರೆ ಅದೂ ಚೆನ್ನಾಗಿಯೇ ಕಾಣುತ್ತದೆ. ಕಿಂಡಿಯ ನಂಟು ಮಾತ್ರ ಇರದು, ದೂರವನ್ನು ಅಂದಾಜಿನಲ್ಲೇ ಹಿಡಿಯಬೇಕು.

ಇದೇ 39ರ ತಿರುಪು ಬಳಸುತ್ತಿದ್ದ ಲೈಕಾ ಕ್ಯಾಮೆರಾದವರು ಈ ಮಟ್ಟಿಗೆ ಮರ್ಯಾದಸ್ಥರು. 1954ರಲ್ಲಿ ಎಂ3 ತಂದಾಗ ತಿರುಪು ಬಿಟ್ಟು ಬಯೋನೆಟ್ ಹಿಡಿದರು, ಆದರೆ ದೂರವನ್ನು ಬೇಕೆಂದೇ ಒಂದು ಮಿಲಿಮೀಟರ್ ಕಡಿಮೆ ಮಾಡಿ 27.8ಕ್ಕೆ ತಂದರು. ಆ ಒಂದು ಮಿಲಿಮೀಟರಿನಲ್ಲಿ ಉಂಗುರವೊಂದನ್ನು ಕೂರಿಸಿದರೆ ಮೂವತ್ತರ ದಶಕದ ಲೆನ್ಸೂ ಹೊಸ ಕ್ಯಾಮೆರಾಕ್ಕೆ ಸಲೀಸು. ಹೊಸಪೇಟೆಯಿಂದ ನಮ್ಮೂರಿಗೆ ಬರುವ ಹಳಿ ಮೀಟರ್‌ಗೇಜಿನಿಂದ ಬ್ರಾಡ್‌ಗೇಜಾಯಿತು. ಯಾವ ಉಂಗುರ ಹಾಕಿದರೆ ಹಳೇ ಬೋಗಿ ಅದರ ಮೇಲೆ ಓಡೀತು?

ಇದೇ ಲೆನ್ಸುಗಳನ್ನು ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸಿ, ಕಿಂಡಿಯೇ ಇಲ್ಲದೆ ಪರದೆ ನೋಡಿಕೊಂಡು ಫೋಕಸ್ ಮಾಡಿ, 'ವಿಂಟೇಜ್ ಲುಕ್' ಅನ್ನುವವರ ಬಗ್ಗೆ ನಾನು ಮಾತಾಡುವುದಿಲ್ಲ. ಝೋರ್ಕಿಯ ಹಣೆಗೆ ಲೈಕಾ ಎಂದು ಕೆತ್ತಿಸಿ, ಚಿನ್ನದ ಬಣ್ಣ ಬಳಿದು ಮಾರುವವರ ಬಗ್ಗೆಯಂತೂ ಮೊದಲೇ ಇಲ್ಲ.

39ರ ತಿರುಪು ಇನ್ನೊಂದು ಕಡೆಯೂ ಇದೆ, ಸ್ಟುಡಿಯೋದ ಡಾರ್ಕ್ ರೂಮಿನಲ್ಲಿ. ಎಷ್ಟೋ ಎನ್‌ಲಾರ್ಜರುಗಳ ಲೆನ್ಸಿಗೆ ಇದೇ ತಿರುಪು. ಅಂಥ ಲೆನ್ಸಿನ ಆಸೆಯಿಂದಲೇ ನಾನು ಮುಚ್ಚುತ್ತಿದ್ದ ಸ್ಟುಡಿಯೋ ಒಂದಕ್ಕೆ ಹೋಗಿದ್ದೆ. ಲೆನ್ಸು ಸಿಕ್ಕಿತು. "ನೆಗೆಟಿವ್ ಎಲ್ಲಿ?" ಅಂದೆ. ಫಿಲ್ಮಿನಿಂದ ಬೆಳ್ಳಿ ತೆಗೆಯುವವರು ತೂಕಕ್ಕೆ ಒಯ್ದರಂತೆ. ನಲವತ್ತು ವರ್ಷದ ಮದುವೆಗಳು, ತೊಟ್ಟಿಲು ಕಾರ್ಯಗಳು, ವರ್ಷವರ್ಷದ ಮೂಲಾ ನಕ್ಷತ್ರದ ತೇರು, ತೇರಿನ ಮುಂದೆ ನಿಂತ ಜನ. ಸುಡುವ ಸಿಟ್ಟು ಬಂತು. ಯಾರ ಮೇಲೆ ಅಂತ ತೋರಿಸಲಿ? ಆತನಿಗೆ ಬಾಡಿಗೆ ಕಟ್ಟಬೇಕಿತ್ತು. ನಾನೂ ಹೋದದ್ದು ಲೆನ್ಸಿಗೇ ಹೊರತು ನೆಗೆಟಿವ್‌ಗಳಿಗಲ್ಲ.

ಇಲ್ಲೇ ಪಕ್ಕದ ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿಟ್ಟ ಸ್ಮಾರಕವಿದೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೆ-ಬ್ರೆಸಾನ್ ನೆನಪಾಗುತ್ತಾನೆ. 1948ರ ಜನವರಿ 30ರಂದು, ಗುಂಡು ಹಾರುವುದಕ್ಕೆ ಸ್ವಲ್ಪ ಹೊತ್ತು ಮುಂಚೆ, ಆತ ಗಾಂಧೀಜಿಯನ್ನು ಕಂಡು ಬಂದಿದ್ದ. ಆಮೇಲೆ ಅಂತಿಮಯಾತ್ರೆಯ ಜನಸಾಗರವನ್ನು, ಚಿತೆಯನ್ನು ತನ್ನ ಪುಟ್ಟ ಲೈಕಾದಲ್ಲಿ ಹಿಡಿದ. ಆತನಿಗೆ ಹೆಚ್ಚುಕಡಿಮೆ 50 ಮಿಲಿಮೀಟರಿನ ಲೆನ್ಸೊಂದೇ ಸಾಕಾಗುತ್ತಿತ್ತು. ನನ್ನ ಕಪಾಟಿನಲ್ಲಿ ಏಳಿವೆ, ಅದು ಬೇರೆ ಮಾತು. ಅವನ ನೆಗೆಟಿವ್‌ಗಳನ್ನು ಯಾರೂ ತೂಕಕ್ಕೆ ಹಾಕಲಿಲ್ಲ, ಹಾಗಾಗಿ ಆ ದಿನವನ್ನು ನಾವು ಇವತ್ತೂ ನೋಡಬಹುದು.

ನಿಮ್ಮೂರಲ್ಲಿ ಹಳೇ ಸ್ಟುಡಿಯೋ ಬಾಗಿಲು ಹಾಕುತ್ತಿದ್ದರೆ ಒಮ್ಮೆ ಹೋಗಿ ಬನ್ನಿ. ಎನ್‌ಲಾರ್ಜರ್ ಯಾರಾದರೂ ಒಯ್ಯಲಿ, ನೆಗೆಟಿವ್ ಡಬ್ಬಿಗಳನ್ನು ಮಾತ್ರ ಮನೆಗೆ ತನ್ನಿ. ಒಣ ಜಾಗದಲ್ಲಿಡಿ. ಮಿರ್ಚಿ ತಿಂದಿದ್ದರೆ ಮೊದಲು ಕೈ ತೊಳೆದುಕೊಳ್ಳಿ.