ಏರಿಗೊಂದು ಫೋರ್ಕ್, ಇಳಿತಕ್ಕೊಂದು ಫೋರ್ಕ್

ಸ್ಯಾನ್‌ಫ್ರಾನ್ಸಿಸ್ಕೊದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೊರಟರೆ ಎಡಗಡೆ ಒಂದು ಬೆಟ್ಟ ಜೊತೆಗೇ ಬರುತ್ತದೆ. ಹೆಸರು ಮೌಂಟ್ ಟ್ಯಾಮಲ್‌ಪಾಯಸ್. (ಹೆಸರಿನ ಕೊನೆಯಲ್ಲಿ ಪಾಯಸವಿದ್ದರೂ ಹತ್ತುವುದು ಅಷ್ಟೇನೂ ಸಿಹಿಯಲ್ಲ!) ಎತ್ತರ 784 ಮೀಟರ್. ಬೆಂಗಳೂರು ನಗರವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವಾಗ ಇದೆಂಥ ಬೆಟ್ಟ ಅನ್ನಿಸಬಹುದು. ಆದರೆ ಇಲ್ಲಿ ಹತ್ತಲು ಆರಂಭಿಸುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದಲೇ. ಮಕ್ಕಳು ಓದುವ, ದುಡಿಯುವ ಊರೆಂದು ಅಲ್ಲಿಗೆ ಹೋಗಿಬರುವ ಕನ್ನಡದ ತಂದೆತಾಯಿಯರು ಸೇತುವೆ ನೋಡಿ, ಬೆಟ್ಟದ ದಕ್ಷಿಣ ತಪ್ಪಲಿನ ಮ್ಯೂರ್ ವುಡ್ಸ್‌ನಲ್ಲಿ ರೆಡ್‌ವುಡ್ ಮರಗಳ ಕೆಳಗೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಉತ್ತರದ ಮಗ್ಗುಲಿನ ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರಿಗೆ ಹೋಗುವವರು ಕಡಿಮೆ. ಮನೆಯಲ್ಲಿ ಮೌಂಟನ್ ಬೈಕ್ ಬೇಕೆಂದು ಹಠ ಹಿಡಿದ ಮಗನೋ ಮಗಳೋ ಇದ್ದರೆ ನೋಡಬೇಕಾದ ಊರು ಅದೇ.

ಫೇರ್‌ಫ್ಯಾಕ್ಸ್‌ನ ಹಿಂಬದಿಯ ಗುಡ್ಡಗಳಲ್ಲಿ, ಕಾಡ್ಗಿಚ್ಚು ನಂದಿಸುವ ವಾಹನಗಳಿಗಾಗಿ ಕಡಿದ ಮಣ್ಣುರಸ್ತೆಗಳಿವೆ. ಅವುಗಳಲ್ಲಿ ಒಂದರ ಹೆಸರು ರಿಪ್ಯಾಕ್. ಸುಮಾರು ಎರಡು ಮೈಲಿಯಲ್ಲಿ 1300 ಅಡಿಯಷ್ಟು ಇಳಿಯುವ ರಸ್ತೆ. 1976ರ ಅಕ್ಟೋಬರ್ 21ರಂದು ಕೆಲವು ಯುವಕರು ಹಳೆಯ ಸೈಕಲ್‌ಗಳನ್ನೇರಿ ಇಲ್ಲಿ ಪಂದ್ಯ ಕಟ್ಟಿ ಇಳಿದರು. ಶ್ವಿನ್‌ನಂಥ ಕಂಪನಿಗಳು ದಶಕಗಳ ಹಿಂದೆ ಮಾಡಿದ್ದ ಸೈಕಲ್‌ಗಳು, ದಪ್ಪ ಟೈರು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಹಬ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಇನ್ನೊಮ್ಮೆ ಇಳಿಯಬೇಕಾದರೆ ಹಬ್ ಬಿಚ್ಚಿ ಗ್ರೀಸ್ ತುಂಬಬೇಕು, ಅಂದರೆ ‘ರಿಪ್ಯಾಕ್’ ಮಾಡಬೇಕು. ರಸ್ತೆಗೆ ಹೆಸರು ಬಂದದ್ದು ಹಾಗೆ. ಪಂದ್ಯ ನಡೆಸುತ್ತಿದ್ದವರು ಚಾರ್ಲಿ ಕೆಲ್ಲಿ. ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಅಲ್ಲಿನ ದಾಖಲೆ. ಜೋ ಬ್ರೀಜ್ ಎಂಬುವರು ಅದಕ್ಕಿಂತ ಎರಡೇ ಸೆಕೆಂಡು ಹಿಂದೆ. ಇದೇ ಬ್ರೀಜ್ 1977ರಲ್ಲಿ ಇಂಥ ದಾರಿಗೆಂದೇ ಹೊಸ ಸೈಕಲ್ ಕಟ್ಟಿದರು.

ಆ ಹಳೆಯ ಸೈಕಲ್‌ಗಳಲ್ಲಿ ಮೋಜಿದ್ದದ್ದು ಇಳಿಯುವಾಗ ಮಾತ್ರ. ಹತ್ತುವಾಗ ತಳ್ಳಿಕೊಂಡು ಹೋಗಬೇಕು, ಇಲ್ಲವೇ ಯಾರದಾದರೂ ಟ್ರಕ್ಕಿಗೆ ಹೇರಬೇಕು. ಗೇರು ಜೋಡಿಸಿದ ಮೇಲೆ ತುಳಿದೇ ಹತ್ತಬಹುದೆಂದಾಯಿತು. ಅಲ್ಲಿಂದ ಶುರುವಾಯಿತು ತಕರಾರು. ಒಂದೇ ಸೈಕಲ್ ಏರಿಗೂ ಒಗ್ಗಬೇಕು, ಇಳಿತಕ್ಕೂ ಒಗ್ಗಬೇಕು ಎಂದರೆ ಹೇಗೆ?

ತಕರಾರು ಬಂದು ನಿಲ್ಲುವುದು ಫೋರ್ಕ್‌ನಲ್ಲಿ, ಅಂದರೆ ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದು ಹ್ಯಾಂಡಲ್ಲಿಗೆ ಸೇರುವ ಕವಲಿನಲ್ಲಿ. ರಿಪ್ಯಾಕ್‌ನ ಹಳಬರದ್ದು ಅಲುಗದ ಉಕ್ಕಿನ ಫೋರ್ಕ್. ಕಲ್ಲಿನ ಏಟು ನೇರ ಮುಂಗೈಗೆ. 1989ರ ಹೊತ್ತಿಗೆ ರಾಕ್‌ಶಾಕ್ಸ್ ಕಂಪನಿ ಮೋಟಾರ್ ಸೈಕಲ್ಲಿನ ಹಾಗೆ ಕುಗ್ಗಿ ಏಳುವ ಫೋರ್ಕ್ ತಂದಿತು. ಅದು ಕುಗ್ಗುತ್ತಿದ್ದುದು ಸುಮಾರು ಎರಡು ಅಂಗುಲ. ಈ ಕುಗ್ಗುವ ಅಳತೆಗೆ ಅಂಗಡಿಯವರು ‘ಟ್ರಾವೆಲ್’ ಎನ್ನುತ್ತಾರೆ. ವರ್ಷಗಳು ಕಳೆದಂತೆ ಎರಡಿದ್ದದ್ದು ನಾಲ್ಕಾಯಿತು, ಆರಾಯಿತು.

ಫೋರ್ಕ್ ಉದ್ದವಾದಷ್ಟೂ ಇಳಿಜಾರಿನಲ್ಲಿ ಧೈರ್ಯ. ಚಕ್ರ ಮುಂದಕ್ಕೆ ಚಾಚಿಕೊಳ್ಳುತ್ತದೆ, ಹ್ಯಾಂಡಲ್ ಮೇಲೆ ಬರುತ್ತದೆ, ಮುಗ್ಗರಿಸುವ ಭಯ ಕಡಿಮೆ. ಆದರೆ ರಿಪ್ಯಾಕ್‌ನ ನೆತ್ತಿ ಸೇರಲು ಮೊದಲು ಫೇರ್‌ಫ್ಯಾಕ್ಸ್‌ನಿಂದ ಅಜೇಲಿಯಾ ಹಿಲ್ ತನಕ ಡಾಂಬರು ರಸ್ತೆಯಲ್ಲಿ ಹತ್ತಬೇಕು, ಅಲ್ಲಿಂದ ಪೈನ್ ಮೌಂಟನ್‌ನ ಕಲ್ಲುಮಣ್ಣಿನ ಏರು. ಅಲ್ಲಿ ಇದೇ ಉದ್ದದ ಫೋರ್ಕ್ ಕಾಟ ಕೊಡುತ್ತದೆ. ಮುಂದಿನ ಚಕ್ರ ನೆಲ ಬಿಟ್ಟೇಳಲು ನೋಡುತ್ತದೆ, ಗೆರೆ ತಪ್ಪಿ ಅಲೆಯುತ್ತದೆ. ಸವಾರ ಸೀಟಿನ ತುದಿಗೆ ಸರಿದು, ಎದೆ ಬಗ್ಗಿಸಿ ಅದನ್ನು ಅದುಮಿಡಬೇಕು.

ಇದಕ್ಕೆ ಉಪಾಯವಾಗಿ ಬಂದದ್ದು ಎತ್ತರ ಬದಲಿಸುವ ಅಡ್ಜಸ್ಟಬಲ್ ಫೋರ್ಕ್. ರಾಕ್‌ಶಾಕ್ಸ್‌ನ ಯು-ಟರ್ನ್‌ನಲ್ಲಿ ತಿರುಪು ತಿರುಗಿಸಿದಂತೆ ಫೋರ್ಕ್ ಗಿಡ್ಡವಾಗುತ್ತಿತ್ತು. ಮುಂದೆ ಫಾಕ್ಸ್ ಕಂಪನಿಯ ಟಾಲಾಸ್, ರಾಕ್‌ಶಾಕ್ಸ್‌ನವರದೇ ಡ್ಯುಯಲ್ ಪೊಸಿಷನ್ ಏರ್ ಬಂದವು. ಅವುಗಳಲ್ಲಿ ಇಳಿತಕ್ಕೆ 160 ಮಿ.ಮೀ., ಏರಿಗೆ 120 ಅಥವಾ 130 ಎಂಬಂಥ ಎರಡು ನೆಲೆ. ಫೋರ್ಕ್ 20 ಮಿ.ಮೀ. ಗಿಡ್ಡವಾದರೆ ಅದರ ಓರೆ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ, ಮೈಭಾರ ಮುಂದಕ್ಕೆ ಬೀಳುತ್ತದೆ, ಚಕ್ರ ನೆಲ ಕಚ್ಚುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ಸೈಕಲ್ಲಿನ ಮುಂಭಾಗ ತಗ್ಗಿದಾಗ ಪೆಡಲೂ ತಗ್ಗಿ ಏರಿನ ಕಲ್ಲಿಗೆ ತಾಗುತ್ತದೆ. ಒಳಗೆ ಸೀಲು, ವಾಲ್ವು ಹೆಚ್ಚು. ತೂಕ ಕೊಂಚ ಹೆಚ್ಚು. ಗಾಳಿ ಸೋರಿತೆಂದರೆ ಬಿಚ್ಚಿ ಸರಿಮಾಡುವ ಮೆಕ್ಯಾನಿಕ್ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಮರೆವು. ಏರು ಮುಗಿಸಿ, ನೀರು ಕುಡಿದು, ಗೆಳೆಯರ ಹಿಂದೆ ಒಮ್ಮೆಲೇ ಇಳಿಜಾರಿಗೆ ಬಿಟ್ಟ ಹುಡುಗನಿಗೆ ಫೋರ್ಕ್ ಇನ್ನೂ ಗಿಡ್ಡದ ನೆಲೆಯಲ್ಲೇ ಇದೆಯೆಂದು ಗೊತ್ತಾಗುವುದು ಮೊದಲ ತಿರುವಿನಲ್ಲಿ. ಟ್ರಾವೆಲ್ ಕಡಿಮೆ, ಭಾರವೆಲ್ಲ ಮುಂದೆ. ಎಲ್ಲಿ ಧೈರ್ಯ ಬೇಕಿತ್ತೋ ಅಲ್ಲೇ ಸೈಕಲ್ ಮುಗ್ಗರಿಸುವ ಸ್ಥಿತಿಯಲ್ಲಿರುತ್ತದೆ. ತಂದೆತಾಯಿಯರು ಅಂಗಡಿಯಲ್ಲಿ ಕೇಳದ ಸಂಗತಿ ಇದು.

ಈಚಿನ ಹೊಸ ಮಾದರಿಗಳಲ್ಲಿ ಈ ಬಗೆಯ ಫೋರ್ಕ್ ಅಪರೂಪ. ಅದಕ್ಕೆ ಕಾರಣ ಫೋರ್ಕ್‌ಗಿಂತ ಹೆಚ್ಚಾಗಿ ಫ್ರೇಮ್. ಸೀಟಿನ ಕೆಳಗಿನ ಕೊಳವೆಯನ್ನು ಮೊದಲಿಗಿಂತ ನೆಟ್ಟಗೆ ನಿಲ್ಲಿಸುತ್ತ ಬಂದರು. ಸವಾರ ತಾನಾಗಿಯೇ ಮುಂದಕ್ಕೆ ಕೂರುವಂತಾಯಿತು. ಉದ್ದದ ಫೋರ್ಕ್ ಇದ್ದರೂ ಮುಂಚಕ್ರ ಈಗ ಅಷ್ಟು ಏಳುವುದಿಲ್ಲ. ಮೊದಲು ತಿರುಪು ಮಾಡುತ್ತಿದ್ದ ಕೆಲಸವನ್ನು ಈಗ ಕೂರುವ ಭಂಗಿಯೇ ಮಾಡುತ್ತದೆ. ಇನ್ನು, ಫಿಕ್ಸೆಡ್ ಎಂದ ಮಾತ್ರಕ್ಕೆ ಜನ್ಮಕ್ಕಂಟಿದ್ದೂ ಅಲ್ಲ. ಹಲವು ಮಾದರಿಗಳಲ್ಲಿ ಒಳಗಿನ ಒಂದು ಭಾಗ ಬದಲಿಸಿ ಮೆಕ್ಯಾನಿಕ್ ಟ್ರಾವೆಲ್ಲನ್ನು ಹೆಚ್ಚುಕಡಿಮೆ ಮಾಡಬಲ್ಲ. ದಾರಿ ಮಧ್ಯೆ ಆಗದು, ಅಷ್ಟೆ. ಅದೂ ಫ್ರೇಮ್ ಮಾಡಿದವರು ಹೇಳಿದ ಮಿತಿಯೊಳಗೆ.

ಹಾಗಾದರೆ ಅಡ್ಜಸ್ಟಬಲ್ ಫೋರ್ಕ್ ಯಾರಿಗೆ? ಹಳೆಯ ಬಗೆಯ ಫ್ರೇಮ್ ಇಟ್ಟುಕೊಂಡು, ಗಂಟೆಗಟ್ಟಲೆ ಒಂದೇ ಸಮನೆ ಹತ್ತಿ, ಆಮೇಲೆ ಒಂದೇ ಸಮನೆ ಇಳಿಯುವವರಿಗೆ. ಅವರು ದಿನಕ್ಕೆ ಎರಡು ಸಲ ತಿರುಪು ಮುಟ್ಟಿದರೆ ಸಾಕು. ಐದು ನಿಮಿಷ ಏರು, ಎರಡು ನಿಮಿಷ ಇಳಿತ ಎಂಬಂಥ ಗುಡ್ಡಗಾಡಿನಲ್ಲಿ ಪ್ರತಿ ಬಾರಿ ಬಗ್ಗಿ ತಿರುಗಿಸುವವರು ಯಾರೂ ಇಲ್ಲ. ಹಣ ಕೊಟ್ಟ ಸೌಕರ್ಯ ಒಂದೇ ನೆಲೆಯಲ್ಲಿ ಕೂತಿರುತ್ತದೆ. ಹೊಸದಾಗಿ ಕಲಿಯುವ ವಿದ್ಯಾರ್ಥಿಗೆ 100ರಿಂದ 130 ಮಿ.ಮೀ.ವರೆಗಿನ ಫಿಕ್ಸೆಡ್ ಫೋರ್ಕ್ ಧಾರಾಳವಾಯಿತು. ಉಳಿದ ಹಣಕ್ಕೆ ಒಳ್ಳೆಯ ಬ್ರೇಕು, ಹೆಲ್ಮೆಟ್ ಬರುತ್ತವೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಹಳೆಯ ಅಡ್ಜಸ್ಟಬಲ್ ಸಿಕ್ಕಿದರೆ ಹತ್ತಾರು ಸಲ ಒತ್ತಿ, ಎರಡೂ ನೆಲೆಯಲ್ಲಿ ನಿಲ್ಲುತ್ತದೆಯೇ ನೋಡಿ, ಅದರ ಸೀಲು ಎಲ್ಲಿ ಸಿಗುತ್ತದೆಂದು ಕೇಳಿಯೇ ಹಣ ಕೊಡಬೇಕು.

ಫೇರ್‌ಫ್ಯಾಕ್ಸ್‌ನಲ್ಲಿ 2015ರಲ್ಲಿ ಸೈಕಲ್ ಮ್ಯೂಸಿಯಂ ತೆರೆಯಿತು. ಅದನ್ನು ನೋಡಿ ರಿಪ್ಯಾಕ್ ಕಡೆ ಹೊರಡುವ ಹುಡುಗರಿಗೆ ಒಂದು ನಿರಾಸೆ ಕಾದಿದೆ. ಈ ಭಾಗದ ಮಣ್ಣುರಸ್ತೆಗಳಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿಯ ಮಿತಿ; ಕಾಣದ ತಿರುವಿನಲ್ಲಿ, ನಡೆದು ಹೋಗುವವರನ್ನು ದಾಟುವಾಗ 5 ಮೈಲಿ. ಅಲುಗದ ಫೋರ್ಕ್‌ನ ಸೈಕಲ್‌ಗಳ ಕಾಲದಲ್ಲೇ ಫಿಶರ್ ಇಳಿದ ವೇಗ ಇದಕ್ಕಿಂತ ಬಹಳ ಹೆಚ್ಚು. ಈಗ ಅಲ್ಲಿ ಆರು ಅಂಗುಲ ಟ್ರಾವೆಲ್ಲಿನ ಸೈಕಲ್‌ಗಳು ಕುದುರೆ ಸವಾರರಿಗೆ ದಾರಿಬಿಟ್ಟು, ಬ್ರೇಕ್ ಹಿಡಿದುಕೊಂಡೇ ಇಳಿಯಬೇಕು.